ಕೆಂಪು ಮುಚ್ಚಳದ ಚಿಕ್ಕ ಸಿಲಿಂಡರ್

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಡಲತೀರದ ಡೈವಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದವಳು ಅವಳು. ಕಂಪ್ರೆಸರಿನ ಗದ್ದಲಕ್ಕೆ ಕಿವಿ ಅರ್ಧ ಹೋಗಿತ್ತು, ಬಾಯಿ ಮಾತ್ರ ಎರಡರಷ್ಟಾಗಿತ್ತು. ತುಂಬಿದ ಸಿಲಿಂಡರಿನ ಬಾಯಿಗೆ ಕೆಂಪು ಮುಚ್ಚಳ, ಖಾಲಿಯದ್ದಕ್ಕೆ ಏನೂ ಇಲ್ಲ. ಇದು ಅವಳೇ ಮಾಡಿದ ಕಾನೂನು, ಅಂಗಡಿಯ ಯಜಮಾನನೂ ಅದಕ್ಕೆ ಎದುರಾಡುತ್ತಿರಲಿಲ್ಲ.

ಅವಳ ತಮ್ಮ ಅದೇ ಅಂಗಡಿಯಲ್ಲಿ ಗಿರಾಕಿಗಳನ್ನು ಸಮುದ್ರದೊಳಗೆ ಕರೆದೊಯ್ಯುವ ಡೈವರ್. ಅಮ್ಮ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕನೇ. ಬೆನ್ನಿಗೆ ಒಂದೇ ಒಂದು ಸಿಲಿಂಡರ್ ಕಟ್ಟಿಕೊಂಡು ಅವನು ಮೂವತ್ತು ಮೀಟರ್ ಇಳಿಯುತ್ತಾನೆಂದರೆ ದೋಣಿ ಮರಳುವವರೆಗೂ ಅವಳು ಬಾಗಿಲಿಗೂ ಕಂಪ್ರೆಸರಿಗೂ ಓಡಾಡುತ್ತಿದ್ದಳು. ಹೋದ ವರ್ಷ ಹಟ ಹಿಡಿದು ಒಂದು ಚಿಕ್ಕ ಸಿಲಿಂಡರ್ ತಂದುಕೊಟ್ಟಳು. ಪಕ್ಕಕ್ಕೆ ನೇತುಹಾಕಿಕೊಳ್ಳುವಂಥದ್ದು; ದೊಡ್ಡದು ಕೈಕೊಟ್ಟರೆ ನಿಧಾನವಾಗಿ ಮೇಲೆ ಬರುವಷ್ಟು ಗಾಳಿ ಹಿಡಿಯುವಂಥದ್ದು.

ಅಂಗಡಿಯಲ್ಲಿ ನಗುವೋ ನಗು. "ಪಾಪುಗೆ ಹಾಲಿನ ಬಾಟಲಿ ಬಂತಪ್ಪಾ!" ಎಂದು ಉದ್ದಣ್ಣ ಚಪ್ಪಾಳೆ ತಟ್ಟಿದ. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದ ಇನ್ನೊಬ್ಬ ಡೈವರ್ ಅವನು. ಯಜಮಾನನಿಗೆ ಮಾತ್ರ ನಗು ಬರಲಿಲ್ಲ.

"ಇದನ್ನ ನೋಡಿದ್ರೆ ಗಿರಾಕಿಗಳು ಹೆದರ್ತಾರೆ ಕಣಮ್ಮ. ನೀರೊಳಗೆ ಜೊತೆಗಾರ ಇರ್ತಾನಲ್ಲ, ಅವನ ಗಾಳಿ ಹಂಚ್ಕೊಂಡು ಬಂದ್ರಾಯ್ತು."

"ಜೊತೆಗಾರ ಪಕ್ಕದಲ್ಲೇ ಇದ್ರೆ ತಾನೇ?" ಎಂದಳು ಅಕ್ಕ. ಯಜಮಾನ ಕೇಳಿಸದವನಂತೆ ಹೊರಗೆ ಹೋದ.

ಅವಳ ಬಾಯಿ ಮುಚ್ಚಿಸಲೆಂದೇ ತಮ್ಮ ಅದನ್ನು ಕಟ್ಟಿಕೊಳ್ಳತೊಡಗಿದ. ಪ್ರತಿಸಲ ಹೊರಡುವಾಗ ಅವಳು, "ಗೇಜ್ ಹಾಕಿ ಗಾಳಿ ಎಷ್ಟಿದೆ ನೋಡ್ಕೊಂಡ್ಯೇನೋ?" ಎನ್ನುವಳು. ಅವನು, "ನೀನು ತುಂಬಿದ್ದಲ್ವೇನಕ್ಕ, ಅದನ್ನೇನು ನೋಡೋದು?" ಎಂದು ಹಲ್ಲು ಕಿರಿಯುವನು. ಅವಳು ಬೈಯುವಳು. ಬೈದರೂ ಒಳಗೊಳಗೇ ಹಿಗ್ಗುವಳು. ಆ ಹಿಗ್ಗೇ ಮನೆ ಹಾಳು ಮಾಡಿತು.

ಉಸಿರಾಡುವ ಸಲಕರಣೆಗಳನ್ನು ತೊಟ್ಟಿಯಲ್ಲಿ ತೊಳೆದ ಮೇಲೆ ಅವುಗಳಲ್ಲಿ ಸಿಲಿಂಡರಿಗೆ ಸಿಕ್ಕಿಸುವ ತುದಿಯನ್ನು ಚೂರೂ ನೀರಿಲ್ಲದಂತೆ ಒಣಗಿಸಬೇಕು. ಬಟ್ಟೆಯಲ್ಲಿ ಒರೆಸಲು ಯಾರಿಗೆ ತಾಳ್ಮೆ? ಯಾವುದಾದರೂ ಸಿಲಿಂಡರ್ ಎಳೆದು ಪುಸ್ಸೆಂದು ಗಾಳಿ ಬಿಟ್ಟರೆ ಮುಗಿಯಿತು. ಎತ್ತಲು ಹಗುರವೆಂದು ಎಲ್ಲರ ಕೈ ಚಿಕ್ಕದರ ಮೇಲೇ ಹೋಗುತ್ತಿತ್ತು. "ಇನ್ನೊಂದ್ಸಲ ಇದನ್ನ ಮುಟ್ಟಿದ್ರೆ ಕೈ ಮುರೀತೀನಿ! ಇದು ನನ್ನ ತಮ್ಮನ ಜೀವ!" ಎಂದು ಅಕ್ಕ ಅಂಗಡಿ ಹಾರಿಹೋಗುವಂತೆ ಕೂಗಿದ ಮೇಲೆ ಯಾರೂ ಮುಟ್ಟಲಿಲ್ಲ.

ಅವಳೊಬ್ಬಳನ್ನು ಬಿಟ್ಟು.

ಆ ದಿನ ಬೆಳಿಗ್ಗೆ ದೋಣಿ ಹೊರಡುವ ಅವಸರ. ತೊಟ್ಟಿಯ ಪಕ್ಕ ಹನ್ನೆರಡು ಸಲಕರಣೆ ಒದ್ದೆಯಾಗಿ ಬಿದ್ದಿದ್ದವು. ದೊಡ್ಡ ಸಿಲಿಂಡರುಗಳೆಲ್ಲ ದೋಣಿ ಸೇರಿದ್ದವು. ಈಗಲೇ ಮತ್ತೆ ತುಂಬಿದರಾಯಿತೆಂದು ಅವಳು ಚಿಕ್ಕದನ್ನೇ ಎಳೆದುಕೊಂಡಳು. ಹನ್ನೆರಡನ್ನೂ ಒಣಗಿಸಿದಳು. ಅಷ್ಟರಲ್ಲಿ ಯಜಮಾನ ಗಿರಾಕಿಗಳ ಪಟ್ಟಿ ಕೇಳಿದ. ಕೈ ತನ್ನಷ್ಟಕ್ಕೆ ತಾನೇ ಕೆಂಪು ಮುಚ್ಚಳ ಹಾಕಿತು. ತಮ್ಮ ಓಡಿಬಂದು ಅದನ್ನು ಎತ್ತಿಕೊಂಡು ಹೋದ.

ನೀರಿನಾಳದಲ್ಲಿ ಅವನ ದೊಡ್ಡ ಸಿಲಿಂಡರಿನ ಕೊಳವೆ ಒಡೆಯಿತು. ಜೊತೆಗಾರನೆಂದು ಇಳಿದಿದ್ದ ಯಜಮಾನ ಗಿರಾಕಿಯ ಫೋಟೋ ತೆಗೆಯುತ್ತಾ ಎಷ್ಟೋ ದೂರ ಹೋಗಿದ್ದ. ತಮ್ಮ ಹೆದರಲಿಲ್ಲ, ಚಿಕ್ಕದನ್ನು ಬಾಯಿಗಿಟ್ಟುಕೊಂಡ. ಮೂರು ಉಸಿರು ಬಂತು. ನಾಲ್ಕನೆಯದು ಬರಲಿಲ್ಲ. ಸರ್ರನೆ ಮೇಲಕ್ಕೆ ನುಗ್ಗಿದ. ಹಾಗೆ ಬರಬಾರದು, ಬಂದರೆ ರಕ್ತದಲ್ಲಿ ಗುಳ್ಳೆಗಳೇಳುತ್ತವೆ. ಜೀವ ಉಳಿಯಿತು, ಎಡಗಾಲಿನ ಬಲ ಉಳಿಯಲಿಲ್ಲ.

ಇಪ್ಪತ್ತು ದಿನ ಅಕ್ಕ ಆಸ್ಪತ್ರೆಯಲ್ಲಿ ಅವನಿಗೆ ತುತ್ತು ಕೊಟ್ಟಳು, ಮೈ ಒರೆಸಿದಳು, ಬಾಯಿ ಮಾತ್ರ ಬಿಡಲಿಲ್ಲ. ಅಷ್ಟು ಬಾಯಿಯವಳು!

ಇಪ್ಪತ್ತೊಂದನೆಯ ದಿನ ತಮ್ಮ ಊರುಗೋಲು ಹಿಡಿದು ಅಂಗಡಿಗೆ ಬಂದ. ಯಜಮಾನ ಎಲ್ಲರನ್ನೂ ಸೇರಿಸಿ ಅಪಘಾತದ ವರದಿ ಬರೆಯಲು ಕಾಗದ ತೆಗೆದ. "ಚಿಕ್ಕ ಸಿಲಿಂಡರ್ ಸರಿಯಾದ ಹೊತ್ತಿಗೆ ಕೆಲಸ ಮಾಡ್ಲಿಲ್ಲ. ಅದನ್ನ ನಂಬಿ ಇವನು ನನ್ನ ಹತ್ರ ಬರ್ಲಿಲ್ಲ. ಇನ್ಮೇಲೆ ನಮ್ಮಲ್ಲಿ ಯಾರೂ ಅದನ್ನ ತರೋ ಹಾಗಿಲ್ಲ ಅಂತ ಬರೀತಿದೀನಿ."

"ಬರೀರಿ," ಎಂದ ತಮ್ಮ. "ನಂಬಿಸಿ ಕುತ್ತಿಗೆ ಕೊಯ್ತು ಅದು."

"ನಾನೂ ಒಂದು ತಗೊಳ್ಳೋಣ ಅಂತಿದ್ದೆ," ಎಂದ ಉದ್ದಣ್ಣ. "ಬಿಡಿ, ಅದೂ ಬೇಡ."

ಅಕ್ಕ ಉದ್ದಣ್ಣನತ್ತ ನೋಡಿದಳು. ನಾಳೆ ಉದ್ದಣ್ಣ ಒಂದೇ ಸಿಲಿಂಡರಿನಲ್ಲಿ ಇಳಿಯುತ್ತಾನೆ. ಅವನ ಕೊಳವೆಯೂ ಒಡೆಯಬಹುದು. ಬಾಯಿ ಮುಚ್ಚಿಕೊಂಡಿದ್ದರೆ ತಮ್ಮ ತನ್ನವನಾಗಿಯೇ ಉಳಿಯುತ್ತಾನೆ, ಉದ್ದಣ್ಣ ಉಳಿಯುತ್ತಾನೋ ಇಲ್ಲವೋ.

"ಸಿಲಿಂಡರಿಂದು ಏನೂ ತಪ್ಪಿಲ್ಲ," ಎಂದಳು. "ಗಾಳಿ ಖಾಲಿ ಮಾಡಿದ್ದು ನಾನು. ಒಣಗಿಸೋಕೆ ಬಿಟ್ಟೆ. ಆಮೇಲೆ ಮುಚ್ಚಳ ಹಾಕ್ಬಿಟ್ಟೆ."

ಮೊದಲು ಚೇತರಿಸಿಕೊಂಡವನು ಯಜಮಾನ. "ಹಾಗಾದ್ರೆ ಅಂಗಡಿದೂ ತಪ್ಪಿಲ್ಲ ಅಂತಾಯ್ತು," ಎಂದು ಕಾಗದ ಹರಿದು ಹೊಸದನ್ನು ತೆಗೆದುಕೊಂಡ. ಅವನ ಮುಖದಲ್ಲಿ ಕಂಡ ಕಳೆಗೆ ಅಕ್ಕನ ಮೈಯೆಲ್ಲ ಉರಿದುಹೋಯಿತು, ಆದರೆ ಇನ್ನು ಯಾರನ್ನು ಬೈಯುವ ಮುಖ ಅವಳಿಗಿತ್ತು?

ತಮ್ಮ ಊರುಗೋಲು ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತ.

ಉದ್ದಣ್ಣ ಮೂಲೆಯಲ್ಲಿದ್ದ ಚಿಕ್ಕ ಸಿಲಿಂಡರನ್ನು ಎತ್ತಿ ತಂದು ಅವಳ ಮುಂದಿಟ್ಟ. "ತುಂಬಿಸಿ ಕೊಡಕ್ಕ. ನಾಳೆಯಿಂದ ನಾನು ಕಟ್ಕೋತೀನಿ."

ಅವಳು ಕಂಪ್ರೆಸರ್ ಹಾಕಿದಳು. ತುಂಬಿದಳು. ಮುಚ್ಚಳ ಹಾಕಿದಳು. ಉದ್ದಣ್ಣ ಅದನ್ನು ಹೆಗಲಿಗೇರಿಸಿ ಹೊರಟಾಗ ತಮ್ಮ ಊರುಗೋಲು ಅಡ್ಡ ಹಿಡಿದ.

"ಗೇಜ್ ಹಾಕಿ ನೋಡ್ಕೊಂಡು ಹೋಗು," ಎಂದ. "ಅದು ನಮ್ಮಕ್ಕ ತುಂಬಿದ್ದು."