ಕೊನೆಯ ಲೈಟಿನ ಬಣ್ಣ

"ಮಾವಾರೆ, ಕೊನೇ ಲೈಟು ಕೆಂಪೈತೋ ಹಸಿರೈತೋ, ಅದೊಂದು ಹೇಳ್ರಿ," ಎಂದು ಚೈತ್ರಶ್ರೀ ಕೆಳಗಿನಿಂದ ಕೇಳಿದಳು.

ಸ್ಟೂಲಿನ ಮೇಲೆ ನಿಂತಿದ್ದ ವೀರಬಸಪ್ಪನವರು ಬೀರುವಿನ ಹಿಂದಕ್ಕೆ ಕತ್ತು ತೂರಿಸಿ, ಗೋಡೆಗೆ ಜಡಿದಿದ್ದ ಇಂಟರ್ನೆಟ್ ಡಬ್ಬಿಯನ್ನೇ ದಿಟ್ಟಿಸುತ್ತಿದ್ದರು. ಸೊಸೆ ತುಂಬು ಬಸುರಿ, ಅವಳನ್ನು ಹತ್ತಿಸುವ ಹಾಗಿಲ್ಲ. ಮಗ ಗುರುಪ್ರಕಾಶ್ ಅಂಗಡಿಗೆ ಮಾಲು ತರಲು ದಾವಣಗೆರೆಗೆ ಹೋಗಿದ್ದ.

"ಹಸಿರು," ಎಂದರು.

ಅವಳು ಅದನ್ನೇ ಫೋನಿನಲ್ಲಿದ್ದ ಕಸ್ಟಮರ್ ಕೇರ್ ಹುಡುಗಿಗೆ ಒಪ್ಪಿಸಿದಳು. ಇನ್ನು ಸ್ವಲ್ಪ ಹೊತ್ತಿಗೆ ಅಂಗಡಿಯ ಸೀರೆಗಳನ್ನು ಲೈವ್‌ನಲ್ಲಿ ತೋರಿಸಬೇಕಿತ್ತು. ಸೊರಬದ ಕಡೆಯ ಹೆಂಗಸರೆಲ್ಲ ಕಾದು ಕೂತಿರುತ್ತಾರೆ, ಮೊಬೈಲ್ ನೆಟ್ಟಿನಲ್ಲಿ ವಿಡಿಯೊ ನಿಂತು ನಿಂತು ಹೋಗುತ್ತದೆ.

"ಹಸಿರಿದ್ರೆ ನಮ್ಮ ಲೈನ್ ಸರಿ ಇದೆ ಮೇಡಂ. ಒಂದ್ಸಲ ಆಫ್ ಮಾಡಿ ಆನ್ ಮಾಡ್ಸಿ."

ವೀರಬಸಪ್ಪನವರು ಸ್ವಿಚ್ ಆರಿಸಿ ಹಾಕಿದರು.

"ಈಗ?"

"ಈಗ ಕೆಂಪು."

"ಕೆಂಪಾ?"

"ಅಲ್ಲ, ಹಸಿರೇ ಅನ್ನು."

"ಅನ್ನು ಅಂದ್ರೆ ಏನ್ ಮಾವಾರೆ, ಐತೋ ಇಲ್ವೋ?"

"ಮಿಣಮಿಣ ಅಂತೈತೆ ನೋಡು." ಇದನ್ನು ಮಾತ್ರ ಅವರು ಧೈರ್ಯವಾಗಿ ಹೇಳಿದರು.

ಪಾಪ, ಫೋನಿನ ಹುಡುಗಿಗೂ ತಲೆ ಕೆಟ್ಟಿತು. "ಮೇಡಂ, ಕೆಂಪಿದ್ರೆ ವೈರ್ ಕಟ್ಟಾಗಿದೆ, ಈಗ್ಲೇ ಲೈನ್‌ಮನ್ ಕಳಿಸ್ತೀನಿ. ಹಸಿರಿದ್ರೆ ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ. ಯಾವುದು ಅಂತ ಬರ್ಕೊಳ್ಲಿ?"

ವೀರಬಸಪ್ಪನವರು ಮತ್ತೊಮ್ಮೆ ಡಬ್ಬಿಯತ್ತ ಬಗ್ಗಿದರು. ಹೆಂಡತಿ ಹೇಳದೆ ವೀರಬಸಪ್ಪ ಒಂದು ಸೀರೆಯನ್ನೂ ಮುಟ್ಟುವುದಿಲ್ಲ ಎಂದು ಶಿಕಾರಿಪುರದ ಪೇಟೆಯೇ ಆಡಿಕೊಂಡು ನಕ್ಕಿತ್ತು. ನಗಲಿ ಎಂದು ಅವರು ಸುಮ್ಮನಿದ್ದರು. ರಾಜೇಶ್ವರಮ್ಮ ಗಲ್ಲಾದ ಪಕ್ಕ ಕೂತು, "ಆ ಕೆಂಪು ತೆಗೀರಿ, ಮ್ಯಾಲಿನ ಸಾಲಿಂದು," ಎನ್ನುವರು, ಇವರು ತೆಗೆಯುವರು. ಬಣ್ಣ ತಿಳಿಯದವನ ಹತ್ತಿರ ಸೀರೆ ಕೊಳ್ಳಲು ಯಾರು ಬಂದಾರು? ಆಕೆ ಹೋದ ವರ್ಷ ತೀರಿಕೊಂಡ ಮೇಲೆ ಇವರು ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡರು ಜನ.

"ಚೈತ್ರಾ, ನಂಗೆ ಗೊತ್ತಾಗಲ್ಲಮ್ಮ."

"ಕನ್ನಡಕ ಕೊಡ್ಲಾ?"

"ಕನ್ನಡಕದ್ದಲ್ಲ. ಕೆಂಪು, ಹಸಿರು ಎರಡೂ ನಂಗೆ ಒಂದೇ ಥರ. ಹುಟ್ಟಿದಾಗಿಂದ ಹಿಂಗೇ. ನಿಮ್ಮತ್ತೆಗೊಬ್ಬಳಿಗೇ ಗೊತ್ತಿತ್ತು."

ಚೈತ್ರಶ್ರೀ ಸಾಲುಸಾಲಾಗಿ ಮಂಚದ ಮೇಲೆ ಹರಡಿದ್ದ ಸೀರೆಗಳನ್ನೊಮ್ಮೆ, ಮಾವನನ್ನೊಮ್ಮೆ ನೋಡಿದಳು. "ಇರ್ಲಿ ಬಿಡ್ರಿ. ನಿಮ್ ಫೋನಲ್ಲಿ ಒಂದು ಫೋಟೊ ತೆಗ್ದು ಕೊಡ್ರಿ," ಎಂದಳು. ಅವರು ತೆಗೆದು ಕೊಟ್ಟರು. ಫೋಟೊ ನೋಡಿ, "ಕೆಂಪು ಕಣ್ರೀ, ಲೈನ್‌ಮನ್ ಕಳಿಸ್ರಿ," ಎಂದು ಹುಡುಗಿಗೆ ಹೇಳಿ ಫೋನಿಟ್ಟಳು.

ವೀರಬಸಪ್ಪನವರು ಇಳಿದು ಮಂಚದ ತುದಿಗೆ ಕೂತರು. ಎದೆ ಹಗುರಾದ ಹಾಗೂ ಇತ್ತು, ನಾಚಿಕೆಯೂ ಆಗುತ್ತಿತ್ತು. ಹರಡಿದ್ದ ಒಂದು ಸೀರೆಯ ಅಂಚು ಸವರುತ್ತಾ, "ಒಂದು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ," ಎಂದರು. "ನಿಮ್ಮತ್ತೆ ಮುತ್ತೈದೆಯಾಗಿ ಹೋದ್ಲು. ಹಸಿರು ಸೀರೆ ಉಡಿಸ್ಬೇಕು ಅಂದ್ರು. ನಾನೇ ಅಂಗಡಿಗೆ ಓಡಿ ತಂದೆ. ಅವತ್ತು ಹೇಳಾಕೆ ಅವಳಿರಲಿಲ್ಲ. ಇನ್ನೊಬ್ರನ್ನ ಕೇಳೋ ಹಂಗೂ ಇರಲಿಲ್ಲ. ಹಸಿರೇ ಇತ್ತಾ?"

ಅವತ್ತು ಆ ಕುಂಕುಮದ ಬಣ್ಣದ ಸೀರೆ ಕಂಡು ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡಿದ್ದರು. ದುಃಖದಲ್ಲಿದ್ದ ಗಂಡಸಿಗೆ ಏನು ಹೇಳುವುದೆಂದು ಅದನ್ನೇ ಉಡಿಸಿದ್ದರು. ಸೆರಗು ಸರಿಮಾಡಿದವಳು ಚೈತ್ರಶ್ರೀಯೇ.

"ಹಸಿರೇ ಇತ್ತು ಮಾವಾರೆ."

"ಎಲೆ ಹಸಿರೋ, ಗಿಳಿ ಹಸಿರೋ?"

"ಗಿಳಿ ಹಸಿರು."

ವೀರಬಸಪ್ಪನವರು ನಿಧಾನಕ್ಕೆ ತಲೆಯಾಡಿಸಿದರು. "ಅವಳಿಗೆ ಒಪ್ಪತಿತ್ತು ಅದು," ಎಂದು ಎದ್ದು, ಸ್ಟೂಲನ್ನು ಒಳಗೆ ಇಟ್ಟು ಬಂದರು.