ಮಜ್ಜಿಗೆಯ ಪಾಳಿ

ದವಾಖಾನೆಯಲ್ಲಿ ನನ್ನ ಹೊಟ್ಟೆ ಕತ್ತರಿಸಿ ಸಣ್ಣದು ಮಾಡಿದರು, ಸರಿ. ಜೊತೆಗೆ ಆಸೆಯನ್ನೂ ಒಂದಿಷ್ಟು ಕತ್ತರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೈಭಾರಕ್ಕೆ ಮೊಣಕಾಲು ಸೋತು, ನಾನು ಪಾಠ ಹೇಳುವ ಶಾಲೆಯ ಮೆಟ್ಟಿಲೇ ಹತ್ತಲಾಗದೆ ಈ ಆಪರೇಶನ್ ಮಾಡಿಸಿಕೊಂಡೆ. ಕಲಬುರಗಿಯಿಂದ ಸುರಪುರದ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಹೊಲಿಗೆ ಕೂಡುವವರೆಗೆ ಬರೀ ತೆಳ್ಳನೆಯದು ಕುಡಿಯಬೇಕು, ಅದೂ ಗುಟುಕು ಗುಟುಕಾಗಿ. ಗಟ್ಟಿಯಾದದ್ದು ಹೋಗಿ ಹೊಲಿಗೆ ಬಿಚ್ಚಿದರೆ ಜೀವಕ್ಕೇ ಅಪಾಯ.

ಕುಡಿಸುವವರು ಯಾರು? ನಮ್ಮವರು, ಗುರಪ್ಪ. ಕಾಲುವೆಯ ಗೇಟು ಕಾಯುವ ನೌಕರಿ. ಯಾವ ಹೊಲಕ್ಕೆ ಯಾವಾಗ ಪಾಳಿಯೋ ಆಗಷ್ಟೇ ನೀರು. ದೇವರೇ ಬಂದು ಕೇಳಿದರೂ ಪಾಳಿ ತಪ್ಪಿಸುವವರಲ್ಲ. ಮನೆಯಲ್ಲೂ ಅದೇ ದರ್ಬಾರು. ಒಂದು ಚಮಚ ಮಜ್ಜಿಗೆ, ಆಮೇಲೆ ಗಡಿಯಾರ ನೋಡುವುದು.

"ಇನ್ನೊಂದ್ ಚಮಚ ಕೊಡ್ರಿ."

"ಪಾಳಿ ಬರಲಿ."

ಹಾಗೆಂದಾಗಲೆಲ್ಲ ಚಮಚ ಕಸಿದು ಅವರ ತಲೆಗೇ ಕುಟ್ಟಬೇಕು ಅನ್ನಿಸುತ್ತಿತ್ತು.

ಈ ಪಾಳಿಯ ಸಲುವಾಗಿಯೇ ನನ್ನ ಅಕ್ಕ ಹಣಮಂತಮ್ಮ ನಮ್ಮ ಮನೆಯ ಹಾದಿ ಬಿಟ್ಟಿದ್ದಳು. ಬೋನಾಳದಲ್ಲಿ ಅವಳ ನೆಲ್ಲು ಬಾಡುತ್ತಿದ್ದಾಗ, ಪಾಳಿಗೆ ಮುಂಚೆ ಗೇಟು ತುಸು ಎತ್ತಿರಿ ಎಂದು ಕೇಳಿದ್ದಳು. ಇವರು ಎತ್ತಲಿಲ್ಲ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ನಾನು ಹಬ್ಬಹಬ್ಬಕ್ಕೂ ಅವಳ ನೆನಪಾಗಿ ಅಳುತ್ತಿದ್ದೆ.

ಅಂಥ ಅಕ್ಕ ನನ್ನ ಆಪರೇಶನ್ ಸುದ್ದಿ ಕೇಳಿ ಮೊನ್ನೆ ಬುತ್ತಿ ಗಂಟು ಹೊತ್ತು ಬಾಗಿಲಲ್ಲಿ ನಿಂತಳು! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಗಂಟು ಬಿಚ್ಚಿದ ಕೂಡಲೇ ಮನೆಯೆಲ್ಲ ಘಮಘಮ. ನಮ್ಮಲ್ಲಿ ಸಿಟ್ಟು ಮುರಿಯುವುದು ಹೀಗೆಯೇ. ತಂದ ಬುತ್ತಿ ಉಂಡರೆ ಜಗಳ ಮುಗಿಯಿತು. ಉಣ್ಣದಿದ್ದರೆ ತಂದವರು ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ.

"ಬಾಯಿ ತೆಗಿ ಮೌನಿ," ಎಂದು ಅಕ್ಕ ರೊಟ್ಟಿ ಮುರಿದಳು.

"ಅಕ್ಕಾ, ಡಾಕ್ಟರು ಬ್ಯಾಡ ಅಂದಾರ..."

"ಒಂದ್ ತುತ್ತಿಗೆ ಏನಾಗ್ತದ? ನನ್ನ ಕೈದು ಅಂತ ಬ್ಯಾಡಾತೇನು?" ಅವಳ ಕಣ್ಣು ತುಂಬಿ ಬಂದವು.

ನನ್ನ ಜೀವ ಹಣ್ಣಾಯಿತು. ಹೊಲಿಗೆ ಹೋದರೆ ಹೋಗಲಿ, ಅಕ್ಕ ಉಳಿಯಲಿ ಎಂದು ಬಾಯಿ ತೆರೆದೇಬಿಟ್ಟೆ. ಅಷ್ಟರಲ್ಲಿ ನಮ್ಮವರು ನಡುವೆ ಬಂದು ಅಕ್ಕನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಕ್ಕಾರ, ನಿಮ್ಮ ಸಿಟ್ಟು ನನ್ ಮ್ಯಾಲ ಅದ. ತುತ್ತು ನನಗ ಹಾಕ್ರಿ. ಅಕೀ ಹೊಟ್ಟಿ ಈಗಷ್ಟ ಕಟ್ಟಿದ ಒಡ್ಡು ಇದ್ದಂಗ ಅದ. ಅದು ಒಡೆದ್ರ ನಿಮಗ ತಂಗಿ ಇರಂಗಿಲ್ಲ, ನನಗ ಹೆಂಡ್ತಿ ಇರಂಗಿಲ್ಲ."

ಅವರ ದನಿ ನಡುಗುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ.

ಅಕ್ಕ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಆ ತುತ್ತಿಗೇ ಇನ್ನಷ್ಟು ಹಿಂಡಿ ಮೆತ್ತಿ ಅವರ ಬಾಯಿಗೆ ತುರುಕಿದಳು.

"ಉಣ್ರಿ, ನೀರಿನ ಸಾಹೇಬ್ರ! ಪೂರಾ ಗಂಟು ಖಾಲಿ ಆಗ್ಬೇಕು."

ಅವರು ಕಣ್ಣೀರು ಸುರಿಸುತ್ತ ಉಂಡರು. ಖಾರಕ್ಕೋ ಮತ್ತೇತಕ್ಕೋ, ನಾನು ಕೇಳಲಿಲ್ಲ. ನನ್ನ ಎದುರಿಗೇ, ನನ್ನ ಎಣ್ಣೆಗಾಯಿ!

ಅಕ್ಕ ಮಜ್ಜಿಗೆಯ ಬಟ್ಟಲು ಹಿಡಿದು ನನ್ನ ಪಕ್ಕ ಕೂತಳು. ಒಂದು ಚಮಚ ಕುಡಿಸಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಸೆರಗಿನಿಂದ ನನ್ನ ಬಾಯಿ ಒರೆಸಿದಳು. ಇನ್ನು ನನ್ನ ಕಾಲ ಬಂತು ಎಂದುಕೊಂಡೆ.

"ಅಕ್ಕಾ, ಇನ್ನೊಂದ್ ಚಮಚ. ಅವರು ನೋಡಾಕತ್ತಿಲ್ಲ."

ಅಕ್ಕ ಗಡಿಯಾರದ ಕಡೆ ನೋಡಿದಳು.

"ಸುಮ್ನಿರು. ಪಾಳಿ ಬರಲಿ."