ತಂಗಿಗೊಂದು ಮೊದಲ ಭಾಷೆ

ಹೊಸಬರಿಗೆ ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಸಬೇಕು ಎಂದು ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿದ್ದೇ ಅಣ್ಣ ಮಾಡಿದ ತಪ್ಪು. ಅಲ್ಲಿದ್ದವರೆಲ್ಲ ಕೋಡ್ ಬರೆದೇ ಹೊಟ್ಟೆ ಹೊರೆಯುವವರು. ಕೈಲಿದ್ದ ಕೆಲಸ ಬಿಟ್ಟು ವಾದಕ್ಕೆ ನಿಂತರು. ಪಕ್ಕದ ಮೇಜಿನ ಗೆಳೆಯನಂತೂ ಕುರ್ಚಿ ಎಳೆದುಕೊಂಡೇ ಬಂದ. ಎಲ್ಲದಕ್ಕೂ ಬ್ರಾಕೆಟ್ ಇರಲೇಬೇಕು ಎಂದು ಪಟ್ಟು ಹಿಡಿಯುವ ಅವನನ್ನು ಆಫೀಸಿಗೆ ಆಫೀಸೇ ಬ್ರಾಕೆಟ್ ಎಂದು ಕರೆಯುತ್ತಿತ್ತು.

“ಜಾವಾ ಕಲಿಸು. ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಬ್ರಾಕೆಟ್ ಹಾಕಿ ಹೇಳುತ್ತೆ.”

“ನಿನ್ನ ಬ್ರಾಕೆಟ್ ಕಂಡ್ರೆ ಹೊಸಬರು ಎದ್ದುಬಿದ್ದು ಓಡ್ತಾರೆ ಕಣೋ,” ಎಂದು ಅಣ್ಣ ಪೈಥಾನನ್ನೇ ಆರಿಸಿದ.

ಅದರಲ್ಲಿ ಆ ಗೊಡವೆಯೇ ಇಲ್ಲ. ‘ಹೀಗಿದ್ದರೆ’ ಎಂಬ ಒಂದು ಷರತ್ತಿಗೆ ಸೇರಿದ ಸಾಲುಗಳನ್ನು ಅಂಚಿನಿಂದ ಒಂದಿಷ್ಟು ಖಾಲಿ ಜಾಗ ಬಿಟ್ಟು ಒಳಗೆ ತಳ್ಳಿ ಬರೆದರೆ ಮುಗಿಯಿತು, ನೋಡಿದ ಕೂಡಲೇ ತಿಳಿಯುತ್ತದೆ. ಈ ‘ನೋಡಿದ ಕೂಡಲೇ’ ಎಂಬುದೇ ತೊಡಕಾದೀತೆಂದು ಆ ಅಣ್ಣ ಮಹಾಶಯನಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಕಲಿಯಬೇಕಿದ್ದವಳು ಅವನ ತಂಗಿ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ.

ಮರೆಯುವಂಥ ವಿಷಯವೇ ಎಂದು ನೀವು ಕೇಳಬಹುದು. ಆದರೆ ಅವಳ ಜೊತೆ ಬೆಳೆದವರು ಅದನ್ನು ದಿನಾ ಮರೆಯುತ್ತಿದ್ದರು. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಕೋಣೆಯಲ್ಲಿ ಆಪರೇಟರ್ ಆಗಿದ್ದವಳು ಅವಳು. ಕಂಪ್ಯೂಟರಿನ ಪರದೆಯ ಮೇಲಿದ್ದುದನ್ನು ಓದಿ ಹೇಳುವ ಧ್ವನಿಯನ್ನು ಬೇರೆಯವರಿಗೆ ಬರೀ ಗೊರಗೊರ ಎಂದು ಕೇಳಿಸುವಷ್ಟು ವೇಗವಾಗಿ ಓಡಿಸಿ, ಟಪಾಲು, ಲೆಕ್ಕ, ಜಗಳ ಎಲ್ಲ ಅದರಲ್ಲೇ ನಡೆಸುತ್ತಿದ್ದಳು. ಈಗ ಆ ಟೆಲಿಫೋನ್ ಕೋಣೆಯನ್ನೇ ಮುಚ್ಚುತ್ತಿದ್ದರು. ಕರೆಗಳನ್ನು ಯಂತ್ರವೇ ಜೋಡಿಸುತ್ತದಂತೆ. ಯಾವ ವೈದ್ಯರು ಯಾವ ಹೊತ್ತಿಗೆ ಡ್ಯೂಟಿಯಲ್ಲಿರುತ್ತಾರೆ ಎಂದು ಹೇಳುವ ಸಣ್ಣ ಪ್ರೋಗ್ರಾಂ ಬರೆದು ತೋರಿಸಿದರೆ ಕಂಪ್ಯೂಟರ್ ವಿಭಾಗಕ್ಕೆ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಮನೆಗೆ, ಎಂದಿದ್ದರು ಅಲ್ಲಿನ ಮುಖ್ಯಸ್ಥರು. ಮನೆ ಎಂದರೆ ಅಣ್ಣನ ಮನೆ. ಅಣ್ಣ ಅತ್ತಿಗೆ ಇಬ್ಬರೂ ಅಂಗೈಯಲ್ಲಿಟ್ಟು ನೋಡಿಕೊಳ್ಳುವವರೇ. ಅವಳಿಗೆ ಅದೇ ಭಯ.

ಮೊದಮೊದಲು ಕಲಿಕೆ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ‘ಹೀಗಿದ್ದರೆ ಹೀಗೆ ಮಾಡು’ ಎನ್ನುವ ಪಾಠ ಬಂದದ್ದೇ ಎಲ್ಲ ಕೆಟ್ಟಿತು. ಬರೆದಳು, ತಪ್ಪು. ತಿದ್ದಿದಳು, ಇನ್ನೂ ದೊಡ್ಡ ತಪ್ಪು. ಅಣ್ಣ ಹೇಳಿದಂತೆ ಅವಳು ಜಾಗ ಬಿಡುತ್ತಿದ್ದಳು, ಅವಳಿಗಿಂತ ಮುಂಚೆ ಕಂಪ್ಯೂಟರೂ ತಾನಾಗಿ ಜಾಗ ಬಿಟ್ಟಿರುತ್ತಿತ್ತು. ಎರಡೂ ಸೇರಿ ಸಾಲು ಬೇಕಾದ್ದಕ್ಕಿಂತ ಒಳಗೆ ಹೋಗುತ್ತಿತ್ತು. ಅದು ಅವಳಿಗೂ ಗೊತ್ತಾಗಲಿಲ್ಲ, ಅಡುಗೆಮನೆಯಿಂದಲೇ ಕೂಗಿ ಪಾಠ ಹೇಳುತ್ತಿದ್ದ ಇವನಿಗೂ ಹೊಳೆಯಲಿಲ್ಲ.

“ಇಷ್ಟು ಸುಲಭದ್ದು! ಸರಿಯಾಗಿ ನೋಡಿ ಬರಿಯೇ,” ಎಂದು ರೇಗಿಯೇಬಿಟ್ಟ.

ತಂಗಿ ಕೀಬೋರ್ಡನ್ನು ಮೆಲ್ಲಗೆ ಆಚೆ ಸರಿಸಿದಳು. “ನನ್ನ ತಲೆಗೆ ಹತ್ತಲ್ಲ, ಬಿಡಣ್ಣ. ನಾಳೆ ಅವರಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ.”

ಅವಳ ಬಾಯಲ್ಲಿ ‘ಆಗಲ್ಲ’ ಎಂಬ ಮಾತನ್ನು ಅವನು ಕೇಳಿರಲೇ ಇಲ್ಲ. ಅಡುಗೆಮನೆ ಬಿಟ್ಟು ಅವಳ ಬಳಿಗೆ ಬಂದ. ಮುಖ ತೋರಿಸಲಾರದೆ ಕಿಟಕಿಯ ಕಡೆ ತಿರುಗಿ ನಿಂತ, ಯಾರಿಂದ ಮುಖ ಮರೆಸುತ್ತಿದ್ದನೋ ಅವನೇ ಬಲ್ಲ. “ಒಂದ್ಸಲ ಓದಿಸು,” ಎಂದ. ಧ್ವನಿ ಓದಿತು. ಇನ್ನೊಮ್ಮೆ, ನಿಧಾನವಾಗಿ. ಪ್ರತಿ ಪದವೂ ಸರಿಯಾಗಿತ್ತು. ಆದರೆ ಯಾವ ಸಾಲು ಯಾವುದರ ಒಳಗಿದೆ, ಯಾವುದು ಹೊರಗಿದೆ ಎಂಬುದರ ಸುಳಿವೇ ಇರಲಿಲ್ಲ. ಖಾಲಿ ಜಾಗಕ್ಕೆ ಸದ್ದಿಲ್ಲವಲ್ಲ!

“ಅಯ್ಯೋ ದೇವರೇ,” ಎಂದ ಅಣ್ಣ. “ನಾನೊಬ್ಬ ಪೆದ್ದ ಕಣೇ. ಇದರ ಅರ್ಥವೆಲ್ಲ ಇರೋದು ಜಾಗದಲ್ಲಿ. ಆ ಜಾಗಾನ ಇದು ನಿನಗೆ ಓದ್ತಾನೇ ಇಲ್ಲ! ಬ್ರಾಕೆಟ್ ಹೇಳಿದ್ದೇ ಸರಿ. ಜಾವಾ ಹಿಡಿಯೋಣ, ಅದರ ಗುರುತನ್ನೆಲ್ಲ ಇದು ಬಾಯಿಬಿಟ್ಟು ಓದುತ್ತೆ.”

“ತಾಳಣ್ಣ. ಓದಲ್ವೋ, ನಾವು ಓದು ಅಂತ ಹೇಳಿಲ್ವೋ?”

ಇಬ್ಬರೂ ಸೆಟ್ಟಿಂಗುಗಳನ್ನು ಜಾಲಾಡಿದರು. ಮೂಲೆಯಲ್ಲೆಲ್ಲೋ ಇತ್ತು: ಸಾಲಿನ ಆರಂಭದ ಖಾಲಿ ಜಾಗವನ್ನು ಸ್ವರದಿಂದ ತಿಳಿಸು. ತಂಗಿ ಅದನ್ನು ಒತ್ತಿದಳು.

ಅಂಚಿನ ಸಾಲಿಗೆ ತಗ್ಗಿನ ಸ್ವರ ಬಂತು. ಷರತ್ತಿನ ಒಳಗೆ ಹೋದಾಗ ಸ್ವರ ಒಂದು ಮೆಟ್ಟಿಲು ಏರಿತು. ಅದರೊಳಗಿನದಕ್ಕೆ ಇನ್ನೂ ಒಂದು. ಕೆಲಸ ಮುಗಿದು ಹೊರಗೆ ಬಂದಾಗ ತಾನಾಗಿ ಇಳಿಯಿತು. ತಂಗಿಯ ಬೆರಳು ನಿಂತೇಹೋಯಿತು.

“ಇದು ಮನೆ ಅಣ್ಣ,” ಎಂದಳು. “ಹಜಾರ, ಅದರೊಳಗೆ ಕೋಣೆ, ಕೋಣೆಯೊಳಗೆ ಬೀರು. ನಾನೆಲ್ಲಿ ನಿಂತಿದ್ದೀನಿ ಅಂತ ಗೊತ್ತಾಗ್ತಿದೆ.”

ಅಣ್ಣನ ಮೈ ಜುಮ್ಮೆಂದಿತು. ತಲೆಗೂದಲು ನರೆಯುವ ತನಕ ಇದೇ ಕೆಲಸ ಮಾಡಿದವನು, ಅದಕ್ಕೊಂದು ಧಾಟಿ ಇದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ತಾನು ಬರೆದಿದ್ದ ಹಳೆಯ ಪ್ರೋಗ್ರಾಂ ಒಂದನ್ನು ತೆರೆದು ಕಣ್ಣು ಮುಚ್ಚಿ ಕೂತ. ಸ್ವರ ಏರಿತು, ಏರಿತು, ಕೀಚಲಾಗುವ ತನಕ ಏರಿತು.

“ಇಷ್ಟು ಒಳಗೆ ಹೋಗಿದ್ದೀಯಲ್ಲ, ವಾಪಸ್ ಬರೋಕೆ ದಾರಿ ಸಿಕ್ತಾ?” ಎಂದು ತಂಗಿ ನಕ್ಕಳು. ಅವನೂ ಬಿದ್ದು ಬಿದ್ದು ನಕ್ಕ.

“ಆದ್ರೂ ಯೋಚನೆ ಮಾಡು. ಜಾವಾ ಆದ್ರೆ ತೊಂದರೆ ಕಮ್ಮಿ.”

“ಬೇಡ. ಅದು ಬಾಗಿಲು ಬಂತು, ಬಾಗಿಲು ಹೋಯ್ತು ಅಂತ ಹೇಳುತ್ತೆ ಅಷ್ಟೆ. ಎಷ್ಟು ಒಳಗೆ ಬಂದೆ ಅಂತ ಹೇಳಲ್ಲ. ನನಗೆ ಇದೇ ಇರಲಿ.”

ಪರೀಕ್ಷೆಯ ದಿನ ಅಣ್ಣ ಜೊತೆಗೆ ಹೋಗಿ ಕಂಪ್ಯೂಟರ್ ವಿಭಾಗದ ಬಾಗಿಲಲ್ಲೇ ನಿಂತ. ಪ್ರೋಗ್ರಾಂ ಓಡಿತು, ಹೆಸರುಗಳು ಸರಿಯಾಗಿ ಬಂದವು. ಮುಖ್ಯಸ್ಥರು ಅಷ್ಟಕ್ಕೆ ಬಿಡಲಿಲ್ಲ. “ಮಕ್ಕಳ ವಾರ್ಡಿಗೆ ಇಬ್ಬರು ವೈದ್ಯರು ಬೇಕು, ಈಗಲೇ ಬದಲಾಯಿಸಿ ನೋಡೋಣ,” ಎಂದರು. ತಂಗಿ ಹೊಸ ಸಾಲುಗಳನ್ನು ಸೇರಿಸಿದಳು. ಓಡಿಸುವ ಮುನ್ನ ಒಮ್ಮೆ ಮೇಲಿಂದ ಕೆಳಗೆ ಕೇಳಿಸಿಕೊಂಡಳು. ಇಯರ್‌ಫೋನ್ ಇರಲಿಲ್ಲ, ಕೋಣೆಯೆಲ್ಲ ಸ್ವರ ತುಂಬಿತು. ಒಂದು ಕಡೆ ಅದು ಏರಬೇಕಾದಲ್ಲಿ ಏರಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ಹಿಂದೆ ಹೋಗಿ, ಆ ಸಾಲನ್ನು ಒಳಗೆ ತಳ್ಳಿ, ಮತ್ತೆ ಕೇಳಿದಳು. ಈ ಸಲ ಸರಿಯಾಗಿ ಏರಿತು. ಓಡಿಸಿದಳು. ಇಬ್ಬರ ಹೆಸರೂ ಬಂತು.

ಕೋಣೆಯಲ್ಲಿದ್ದ ಅಷ್ಟೂ ಜನ ತಮ್ಮ ಪರದೆಗಳನ್ನು ಬಿಟ್ಟು ಇತ್ತ ತಿರುಗಿ ಕೂತಿದ್ದರು. ಬಾಗಿಲಲ್ಲಿದ್ದ ಅಣ್ಣ ಒಂದು ಹೆಜ್ಜೆ ಒಳಗೆ ಬಂದಿದ್ದ. ತನ್ನ ಬೆನ್ನ ಮೇಲೆ ಕೂತು ಆಡಿದ ತಂಗಿ ಇವಳೇನಾ ಅನ್ನಿಸಿತು ಅವನಿಗೆ.

“ಎಲ್ಲಿ ಕೂರ್ತೀರಮ್ಮ?” ಎಂದರು ಮುಖ್ಯಸ್ಥರು.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಕೆಲಸ ಸಿಕ್ಕಿತೆಂದು ಹೊಳೆದದ್ದೇ ಎದ್ದು ನಿಂತಳು. “ಯಾವುದಾದ್ರೂ ಮೂಲೆ ಕೊಡಿ ಸರ್. ಇಯರ್‌ಫೋನ್ ಹಾಕ್ಕೊತೀನಿ, ಯಾರಿಗೂ ತೊಂದರೆ ಆಗಲ್ಲ.”

“ಒಂದೆರಡು ದಿನ ಹಾಕ್ಕೋಬೇಡಿ,” ಎಂದರು ಅವರು. “ನಮಗೂ ಕೇಳಬೇಕು.”